ದೊರೆಸಾನಿಯ ಮರಿಗಳು

ಮನೆಯಿಂದ,
ಮಂಗಳವಾರ, ಫೆಬ್ರವರಿ 11

ನನ್ನ ಮುದ್ದಿನ ಗುಬ್ಬೀ,

ಹೇಗಿದ್ದೀಯೇ ಮಗಳೇ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತಿತ್ತು. ಅದು ಶೀತವೋ, ಒಂದನೇ ತರಗತಿಯ ಆ ಕೋತಿಮರಿಗಳ ಮೇಲೆ ಕೂಗಿ ಕೂಗಿ ಬಂದದ್ದೋ ತಿಳಿಯಲಿಲ್ಲ. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ. "ಹೂಂ ಅಜ್ಜಿ" ಅನ್ನುತ್ತೀಯ, ಮಾಡುವುದಿಲ್ಲ. ನಿನ್ನಮ್ಮನೂ ಹಾಗೆಯೇ ಇದ್ದಳು. ನನ್ನ ಮಾತಿಗೆಲ್ಲ ಹೂಂಗುಟ್ಟಿ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು. ಇಲ್ಲಿ ನನ್ನ ಮಂಡಿ ಹೊಲಿಗೆ ಯಂತ್ರ ತುಳಿಯುವಾಗ ತೆಪ್ಪಗಿರುತ್ತದೆ, ಮೆಟ್ಟಿಲು ಕಂಡರೆ ಮಾತ್ರ ರಗಳೆ ತೆಗೆಯುತ್ತದೆ. ತಾತ ಊಟ ಮಾಡುತ್ತಾರೆ, ನಿದ್ದೆಯೂ ಮಾಡುತ್ತಾರೆ. ಆದರೆ ಯಾರ ಮೇಲೂ ರೇಗುತ್ತಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ, ನಾನು ಅಡುಗೆಗೆ ಉಪ್ಪು ಹಾಕಲು ಮರೆತರೂ ಸುಮ್ಮನೆ ಉಂಡು ಏಳುತ್ತಾರೆ. ಅದೇ ನನಗೆ ಚಿಂತೆ. ಕೆಂಚಿ ಹೇಗಿದ್ದಾಳೆ? ಈಗಲೂ ನಿನ್ನ ಚಪ್ಪಲಿಯ ಮೇಲೆ ತಲೆಯಿಟ್ಟೇ ಮಲಗುತ್ತಾಳಾ?

ತಾತ ಪೈಲ್ವಾನನ ಕತ್ತುಪಟ್ಟಿಗೆ ಹಗ್ಗ ಕಟ್ಟಿಕೊಂಡು ಕಾಲುವೆಯ ಕಡೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಮುಗಿಸಬೇಕು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಅಂದು ಫೋನು ಮಾಡಿದ್ದೇ ಇದನ್ನು ಹೇಳಲಿಕ್ಕೆ. ತಾತ ಕುರ್ಚಿಯ ಅಂಚಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ನಿನ್ನ ನಂಬರು ಒತ್ತಿದರು. ನೀನು "ತಾತಾ" ಅಂದೆ ನೋಡು, ಅಷ್ಟಕ್ಕೇ ಅವರ ಬಾಯಿಗೆ ಬೀಗ ಬಿತ್ತು. ಊಟ ಆಯ್ತಾ ಅಂದರು, ನಿಮ್ಮ ಬೀದಿಗೆ ನೀರು ಸರಿಯಾಗಿ ಬರ್ತಿದೆಯಾ ಅಂದರು. ಕೊನೆಗೆ, "ಕೆಂಚೀನ ಓಡಿಸ್ಬೇಡಮ್ಮ, ಚೆಂಡು ಎಸೀಬೇಡ, ಮೆಟ್ಟಿಲು ಹತ್ತಿಸ್ಬೇಡ. ಈ ವಯಸ್ಸಲ್ಲಿ ಈ ಜಾತಿಗೆ ಮಂಡಿ ಸವೆಯುತ್ತೆ" ಎಂದು ಹೇಳಿ ಫೋನನ್ನು ನನ್ನ ಕೈಗೆ ತುರುಕಿದರು. ಓಡಿಸಬೇಡ ಅಂದದ್ದು ನಿಜ, ಅದನ್ನು ಈಗಲೂ ಹಾಗೆಯೇ ಪಾಲಿಸು. ಮಂಡಿಯ ಮಾತು ಸುಳ್ಳು. ಈ ಮನೆಯಲ್ಲಿ ಮಂಡಿ ಸವೆದಿರುವುದು ನನ್ನದು. ಅದನ್ನೇ ಎರವಲು ಪಡೆದರು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಇಲ್ಲವಾದರೆ ನನಗೇ ಎಳೆ ತಪ್ಪುತ್ತದೆ. ತಾತ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ವರ್ಗವಾಗಿ ಊರು ಬಿಡುತ್ತಿದ್ದ ಒಬ್ಬ ಇಂಜಿನಿಯರು ತಮ್ಮ ಬಾಕ್ಸರ್ ಹೆಣ್ಣುಮರಿಯನ್ನು ಇವರ ಕೈಗೆ ಕೊಟ್ಟು ಹೋದರು. ಚಪ್ಪಟೆ ಮೂಗು, ಜೋತುಬಿದ್ದ ತುಟಿ, ಸದಾ ಜೊಲ್ಲು. ಇದರ ಮುಖದ ಮೇಲೆ ನಿಮ್ಮ ಬಸ್ಸೇನಾದರೂ ಹತ್ತಿತಾ ಎಂದು ನಾನು ಕೇಳಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಿನ್ನ ತಾತ ಹೆರದೆಯೇ ಮುದ್ದು ಮಾಡಿದರು. ಶುರುವಾದದ್ದು ಅಲ್ಲಿಂದ. ಅವಳ ಮಗಳು, ಮೊಮ್ಮಗಳು, ಮರಿಮಗಳು ಎಂದು ನಮ್ಮ ಹಿತ್ತಲಿನಲ್ಲಿ ಒಂದು ವಂಶವೇ ಬೆಳೆಯಿತು. ಅಪ್ಪಟ ಜಾತಿಯ ಗಂಡು ಎಲ್ಲಿದೆ ಎಂದು ಕೇಳಿಕೊಂಡು ತಾತ ಎಷ್ಟೋ ದೂರ ಹೋಗಿಬರುತ್ತಿದ್ದರು. ಕೊನೆಗೆ ಬಂದವಳು ದೊರೆಸಾನಿ. ಅವಳ ಮೊದಲ ಸೂಲಿನ ಪೈಲ್ವಾನನನ್ನು ನಾವೇ ಇಟ್ಟುಕೊಂಡೆವು. ಅವನು ಪ್ರದರ್ಶನಗಳಲ್ಲಿ ಗೆದ್ದ ಪದಕಗಳನ್ನು ತೂಗುಹಾಕಲು ನನ್ನ ದಾರದ ಡಬ್ಬಿಗಳ ಗೂಡನ್ನೇ ತೆರವು ಮಾಡಿಸಿದರು. ಎರಡನೆಯ ಸೂಲಿನಲ್ಲಿ ಆರು ಮರಿ. ಅದರಲ್ಲಿ ಕೆಂಚಿ ನಿನ್ನ ಮಡಿಲಿಗೆ ಬಂದಳು, ಗುಂಡ ನಮ್ಮ ಬೀದಿಯ ಬೇಕರಿಯವರಿಗೆ ಹೋದ, ಉಳಿದ ನಾಲ್ಕು ಬೇರೆ ಬೇರೆ ಊರು ಸೇರಿದವು.

ಗುಂಡ ಸತ್ತ ಸುದ್ದಿ ನಿನಗೆ ಗೊತ್ತು. ಹೇಗೆ ಸತ್ತ ಎಂದು ನಾವು ಹೇಳಿದ್ದು ಮಾತ್ರ ತಪ್ಪು. ಬೇಕರಿಯವರು ಬೆಳಿಗ್ಗೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಅಂಗಡಿಗಳಿಗೆ ಬ್ರೆಡ್ಡು ಹಾಕಲು ಹೋಗುವಾಗ ಗುಂಡ ನೀರಿನ ಟ್ಯಾಂಕಿನ ತಿರುವಿನ ತನಕ ಮುಂದೆ ಮುಂದೆ ಓಡುತ್ತಿದ್ದ. ಅಲ್ಲಿ ನಿಂತು ತಿರುಗಿ ನೋಡುವುದು, ಇವರು "ಹೋಗು ಮನೆಗೆ" ಅನ್ನುವುದು, ಅವನು ವಾಪಸು ಓಡುವುದು, ಅದು ಅವರಿಬ್ಬರ ನಿತ್ಯದ ಆಟ. ಅಂದೂ ಓಡಿದ. ತಿರುವಿನಲ್ಲಿ ನಿಂತ, ತಿರುಗಿ ನೋಡಿದ, ಹಾಗೆಯೇ ಕುಸಿದ. ಇವರು ಸೈಕಲ್ಲು ಎಸೆದು ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಕುಂಯ್ ಎಂಬ ಸದ್ದೂ ಇಲ್ಲವಂತೆ. ಮೊಣಕೈವರೆಗೆ ಮೈದಾ ಮೆತ್ತಿಕೊಂಡಿದ್ದ ಆ ಮನುಷ್ಯ ಅಷ್ಟು ದೊಡ್ಡ ನಾಯಿಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ಹೋಗಲಿಲ್ಲ, ನಮ್ಮ ಹಿತ್ತಲಿಗೆ ಬಂದರು. "ಯಜಮಾನ್ರೇ, ನೀವು ನೋಡಿ. ನಿಮ್ಗೆ ಗೊತ್ತಾಗುತ್ತೆ" ಅಂದರು. ತಾತ ಕಣ್ಣರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು, ಏನು ತಿನ್ನಿಸಿದ್ರಿ ಎಂದು ಕೇಳಿದರು. "ಹೊರಡೋ ಮುಂಚೆ ಒಂದು ಬನ್ನು ಕೊಟ್ಟಿದ್ದೆ, ಅಷ್ಟೇ" ಅಂದರು ಬೇಕರಿಯವರು. "ಹೊಟ್ಟೆ ತುಂಬಿಸಿ ಓಡಿಸ್ಬಾರ್ದಿತ್ತಪ್ಪ. ಒಳಗೆ ಹೊಟ್ಟೆ ತಿರುಚ್ಕೊಂಡಿದೆ" ಎಂದುಬಿಟ್ಟರು ತಾತ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಗುಬ್ಬಿ. ಹಾಗೆ ಸತ್ತ ನಾಯಿಯೊಂದನ್ನು ಅವರು ಹಿಂದೆ ಕಂಡಿದ್ದರು, ಇದೂ ಅದೇ ಇರಬೇಕು ಎಂದು ನಂಬಿದರು. ತನ್ನ ಹಿತ್ತಲಲ್ಲಿ ಹುಟ್ಟಿದ ಮರಿಯಲ್ಲೇ ಐಬಿರಬಹುದು ಎಂದು ನಂಬುವುದಕ್ಕಿಂತ ಅದನ್ನು ನಂಬುವುದು ಸುಲಭವಾಗಿತ್ತು. ಆದರೆ ಬೇಕರಿಯವರ ಮಗಳು ಸ್ಕೂಲ್ ಬ್ಯಾಗು ಹಾಕಿಕೊಂಡೇ ಹಿಂದೆಯೇ ಓಡಿ ಬಂದಿದ್ದಳು. ಅವಳ ಹುಟ್ಟುಹಬ್ಬಕ್ಕೆಂದು ತಂದ ನಾಯಿ ಅದು. ಬಾಗಿಲಲ್ಲಿ ನಿಂತು ತಾತ ಹೇಳಿದ್ದನ್ನೆಲ್ಲ ಕೇಳಿದಳು. ಅಪ್ಪನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಕೆಲವು ತಿಂಗಳಿಗೆ ಬಾಕ್ಸರ್ ಸಾಕುವವರ ಸಂಘದಿಂದ ಹೊಸ ನಿಯಮ ಬಂತು. ಹುಟ್ಟಿನಿಂದಲೇ ಬರುವ ಹೃದಯದ ತೊಂದರೆ ಈ ಜಾತಿಯಲ್ಲಿ ಹೆಚ್ಚು, ಆದ್ದರಿಂದ ವರ್ಷ ತುಂಬಿದ ಪ್ರತಿ ನಾಯಿಯ ಎದೆಯನ್ನು ಪರೀಕ್ಷೆ ಮಾಡಿಸಬೇಕು, ಅದಿಲ್ಲದೆ ಮರಿಗಳನ್ನು ನೋಂದಾಯಿಸುವುದಿಲ್ಲ ಎಂದು. ತಾತನಿಗೆ ಕೋಪ ಬಂತು. ಆಗಿನ್ನೂ ಬರುತ್ತಿತ್ತು. "ಬಸ್ಸಿನ ಇಂಜಿನ್ ಸದ್ದು ಕೇಳಿದ್ರೆ ಯಾವ ನಟ್ಟು ಸಡಿಲ ಅಂತ ಹೇಳ್ತಿದ್ದೋನು ನಾನು. ನನ್ನ ನಾಯಿ ಎದೆ ನಂಗೆ ಗೊತ್ತಿಲ್ವಾ" ಎಂದು ಇಡೀ ಮನೆ ಕೇಳುವಂತೆ ಹೇಳಿದರು. ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಆದರೆ ದೊರೆಸಾನಿಗೆ ಕೊನೆಯದಾಗಿ ಒಂದು ಸೂಲು ಮಾಡಿಸಬೇಕೆಂದು ಗಂಡನ್ನೂ ಗೊತ್ತುಮಾಡಿ ಆಗಿತ್ತು. ಹಾಗಾಗಿ ಜನವರಿಯ ಒಂದು ಭಾನುವಾರ ಇಬ್ಬರನ್ನೂ ಕಾರಿಗೆ ಹತ್ತಿಸಿ ಹೊರಟೆವು. ಪೈಲ್ವಾನ ಮುಂದಿನ ಸೀಟು ತನ್ನದೇ ಎಂದು ಕೂತ. ನಾನು ದೊರೆಸಾನಿಯ ಜೊಲ್ಲಿನ ಪಕ್ಕ ಹಿಂದೆ.

ಪರೀಕ್ಷೆ ಇಟ್ಟಿದ್ದು ಒಂದು ಶಾಲೆಯಲ್ಲಿ. ಕಾರಿಡಾರಿನ ಉದ್ದಕ್ಕೂ ಬಾಕ್ಸರುಗಳು. ಎಲ್ಲರ ಮುಖವೂ ಒಂದೇ ಥರ ಗಂಭೀರ, ಫೀಸು ಕಟ್ಟದೆ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೆ. ಸಂಗೀತದ ಕೋಣೆಯನ್ನು ಡಾಕ್ಟರಿಗೆ ಬಿಟ್ಟುಕೊಟ್ಟಿದ್ದರು, ಅದರ ಗೋಡೆ ದಪ್ಪ, ಹೊರಗಿನ ಸದ್ದು ಬರುವುದಿಲ್ಲ. ಡಾಕ್ಟರು ಹೆಣ್ಣುಮಗಳು, ನಿನ್ನದೇ ವಯಸ್ಸು ಇರಬಹುದು. ಅಲ್ಲಿ ಎಲ್ಲರೂ ಅವರನ್ನು ಎದೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಫ್ಯಾನು ಆರಿಸಿದರು. ನಾಯಿ ಏದುಸಿರು ಬಿಟ್ಟರೆ ಒಳಗಿನದು ಕೇಳುವುದಿಲ್ಲವೆಂದು ಪೈಲ್ವಾನನ ಬಾಯಿ ಮುಚ್ಚಿ ಹಿಡಿಯಲು ತಾತನಿಗೆ ಹೇಳಿದರು. ಮುಂಗಾಲಿನ ಸಂದಿಗೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿಕೊಂಡರು. ತುಂಬ ಹೊತ್ತು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಬಟ್ಟೆಯ ಅಳತೆ ಸರಿಬಾರದಾಗ ನಾನೂ ಹಾಗೆಯೇ ಮತ್ತೆ ಮತ್ತೆ ಟೇಪು ಹಿಡಿಯುತ್ತೇನೆ, ಆದ್ದರಿಂದ ನನಗೆ ಅವರ ಬಾಯಿಂದ ಬರುವ ಮೊದಲೇ ಗೊತ್ತಾಯಿತು.

"ತಾತ, ಒಂದು ಸದ್ದು ಇದೆ. ನೀವೂ ಕೇಳಿ" ಎಂದು ಅವರು ಕೊಳವೆಯನ್ನು ತಾತನ ಕಿವಿಗೆ ಇಟ್ಟರು. ತಾತ ಬಗ್ಗಿ ಕೇಳಿದರು. ಪೈಲ್ವಾನ ಅವರ ಗದ್ದ ನೆಕ್ಕಿದ. ತಾತ ನೆಟ್ಟಗೆ ನಿಂತು, "ನಂಗೇನೂ ಕೇಳಿಸ್ಲಿಲ್ಲ. ಚೆನ್ನಾಗೇ ಹೊಡ್ಕೊಳ್ತಿದೆ" ಅಂದರು. ಡಾಕ್ಟರು ವಾದ ಮಾಡಲಿಲ್ಲ, ಕೊಳವೆಯನ್ನು ನನಗೆ ಕೊಟ್ಟರು. ನಾನೇನು ಡಾಕ್ಟರಾ? ಆದರೂ ಕೇಳಿದೆ. ಲಬ್ ಡಬ್ ಎಂದು ಎರಡು ಬಡಿತ ಬೇರೆ ಬೇರೆಯಾಗಿ ಕೇಳಬೇಕಲ್ಲ, ಅವೆರಡರ ನಡುವೆ ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿದ ಹಾಗೆ ಒಂದು ಹುಸ್ ಎಂಬ ಸದ್ದು. ಪ್ರತಿ ಬಡಿತಕ್ಕೂ ಅದೇ. ನಾನು ತಾತನ ಕಡೆ ನೋಡಿದೆ. ಅವರು ಗೋಡೆಯ ಮೇಲಿದ್ದ ತಬಲದ ಚಿತ್ರ ನೋಡುತ್ತಿದ್ದರು.

ಆಮೇಲೆ ಪಕ್ಕದ ಮೇಜಿನ ಮೇಲೆ ಯಂತ್ರದ ಪರೀಕ್ಷೆ. ಮೇಜಿನಲ್ಲಿ ಒಂದು ಕಿಂಡಿ ಕೊರೆದಿರುತ್ತದೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಕೂದಲಿಗೆ ಅಂಟುಮದ್ದು ಹಚ್ಚಿ, ಕಿಂಡಿಯ ಕೆಳಗಿನಿಂದ ಎದೆಗೆ ಒಂದು ಸಣ್ಣ ಹಿಡಿಕೆಯನ್ನು ಒತ್ತಿ ಹಿಡಿಯುತ್ತಾರೆ. ನೋವೇನೂ ಇಲ್ಲ. ದೊರೆಸಾನಿಯಂತೂ ಹೆಸರಿಗೆ ತಕ್ಕಂತೆ ಕಾಲು ಚಾಚಿ ಅರೆನಿದ್ದೆ ಮಾಡಿದಳು. ತೆರೆಯ ಮೇಲೆ ಹೃದಯ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ, ರಕ್ತ ಓಡುವುದು ಕೆಂಪು ನೀಲಿಯಾಗಿ ಕಾಣುತ್ತದೆ. ಯಂತ್ರಕ್ಕೆ ಸದ್ದು ಕೊಟ್ಟಾಗ ಪೈಲ್ವಾನನ ಎದೆಯಿಂದ ಗರಗಸ ಎಳೆದಂಥ ಸದ್ದು ಕೋಣೆಯ ತುಂಬ ಬಂತು. ಈಗ ಕೇಳಿಸಲಿಲ್ಲ ಎನ್ನಲು ಯಾರಿಗೂ ಆಗುತ್ತಿರಲಿಲ್ಲ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ಕೊಳವೆ ಇದೆಯಲ್ಲ, ಅದರ ಬಾಗಿಲ ಕೆಳಗೆ ಒಂದು ಅಂಚು ಬೆಳೆದು ದಾರಿ ಕಿರಿದಾಗಿದೆ ಎಂದು ಡಾಕ್ಟರು ತೋರಿಸಿದರು. ಮರಿ ಬೆಳೆದಂತೆ ಆ ಅಂಚೂ ಬೆಳೆಯುತ್ತದಂತೆ. ಹೊರಗೆ ಏನೂ ಕಾಣುವುದಿಲ್ಲ. ನಾಯಿ ತಿನ್ನುತ್ತದೆ, ಕುಣಿಯುತ್ತದೆ, ಪದಕವನ್ನೂ ಗೆಲ್ಲುತ್ತದೆ. ದೊರೆಸಾನಿಗೆ ಇರುವುದು ಅಲ್ಪ, ಅವಳು ಹೀಗೆಯೇ ಮುದುಕಿಯಾಗುವ ತನಕ ಬದುಕಬಹುದು. ಪೈಲ್ವಾನನಿಗೆ ಅದಕ್ಕಿಂತ ಹೆಚ್ಚು. ಇಂಥ ತಾಯಿಗೆ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಏನೂ ಇರುವುದಿಲ್ಲ, ಕೆಲವಕ್ಕೆ ತಾಯಿಗಿಂತಲೂ ಕೆಟ್ಟದಾಗಿರುತ್ತದೆ. ಅಂಥವು ಓಡುತ್ತ ಓಡುತ್ತಲೇ ಬಿದ್ದುಹೋಗುತ್ತವೆ ಅಂದರು.

ಓಡುತ್ತ ಅಂದದ್ದೇ ತಡ, ತಾತ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. "ನಾನು ಚಿಕ್ಕಂದಿನಿಂದ ಕೈಯಾರೆ ಸಾಕಿದ್ದೀನಮ್ಮ. ಹಾಲಿಗೆ ನೀರು ಬೆರೆಸಿದೋನಲ್ಲ" ಅಂದರು, ಯಾರೋ ಕಳ್ಳತನ ಹೊರಿಸಿದ ಹಾಗೆ. ಆ ಹುಡುಗಿ ಕೈಯ ಅಂಟು ಒರೆಸಿಕೊಂಡು ಅವರ ಪಕ್ಕದಲ್ಲೇ ಕೂತರು. "ಇದು ನೀವು ಸಾಕಿದ್ರಿಂದ ಬಂದಿದ್ದಲ್ಲ ತಾತ, ರಕ್ತದಲ್ಲೇ ಬಂದಿದ್ದು. ಇಲ್ಲೀವರ್ಗೂ ನಿಮ್ಗೆ ಗೊತ್ತಿರ್ಲಿಲ್ಲ. ಇವತ್ತಿಂದ ಗೊತ್ತು" ಅಂದರು. ಅಷ್ಟೇ ಹೇಳಿದ್ದು. ಅದರ ಮೇಲೆ ಇನ್ನೇನು ಹೇಳಬೇಕು?

ವಾಪಸು ಬರುವಾಗ ತಾತ ಬಹಳ ನಿಧಾನ ಓಡಿಸಿದರು. ಹಿಂದಿನವರು ಹಾರ್ನು ಹೊಡೆದರೂ ದಾರಿ ಬಿಡಬೇಕೆಂಬ ನೆನಪಿಲ್ಲ. ರೈಲ್ವೆ ಗೇಟಿನಲ್ಲಿ ನಿಂತಾಗ, ಕನ್ನಡಿಯಲ್ಲಿ ನನ್ನನ್ನು ನೋಡದೆ, "ನಂಗೂ ಕೇಳಿಸ್ತು ಕಣೇ" ಅಂದರು. ನಾನು ಹೂಂ ಅಂದೆ. "ಗುಂಡಂಗೂ ಇದೇ ಇತ್ತು" ಅಂದರು. ಅದಕ್ಕೂ ಹೂಂ ಅಂದೆ. ರೈಲು ಹೋಯಿತು, ಗೇಟು ತೆಗೆದರು, ಆದರೂ ಇವರು ಗಾಡಿ ತೆಗೆಯಲಿಲ್ಲ. ಪೈಲ್ವಾನನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಮನೆಗೆ ಬಂದವರೇ ಗಂಡುನಾಯಿಯವರಿಗೆ ಫೋನು ಮಾಡಿ, ಬೇಡ, ಇನ್ನು ಈ ಮನೆಯಲ್ಲಿ ಮರಿ ಹಾಕಿಸುವುದಿಲ್ಲ ಎಂದು ಹೇಳಿದರು. ದೊರೆಸಾನಿಗೆ ಆಪರೇಷನ್ ಮಾಡಿಸಿದೆವು. ಅಷ್ಟು ವರ್ಷದ ವಂಶ, ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಅವಳು ಮತ್ತಿನಿಂದ ಎದ್ದು ನನ್ನ ಸೆರಗು ಮೂಸಿ ಮತ್ತೆ ಮಲಗಿದಾಗ ನನಗೆ ಅಳು ತಡೆಯಲಾಗಲಿಲ್ಲ. ಎಷ್ಟು ಸೂಲು ನೋಡಿದ್ದೇನೆ ಈ ಹಿತ್ತಲಲ್ಲಿ. ಕಣ್ಣು ಬಿಡದ ಮರಿಗಳನ್ನು ನನ್ನ ಹಳೆಯ ಹೊಲಿಗೆ ತುಂಡುಗಳಲ್ಲಿ ಸುತ್ತಿ ಸುತ್ತಿ ಇಟ್ಟಿದ್ದೇನೆ. ಆದರೆ ತಾತ ಬೇಕರಿಯ ಕಡೆ ಮಾತ್ರ ಹೋಗಲಿಲ್ಲ. ಬ್ರೆಡ್ಡು ಬೇಕೆಂದರೆ ದೂರದ ಅಂಗಡಿಗೆ ಹೋಗುತ್ತಿದ್ದರು. ನಾನು ಒಂದು ದಿನ ಅವರ ಕಾಲ ಬಳಿ ಚಪ್ಪಲಿ ತಂದಿಟ್ಟು, "ಏಳಿ, ನಾನೂ ಬರ್ತೀನಿ" ಅಂದೆ. ಎದ್ದರು.

ಬೇಕರಿಯವರು ಒಳಗೆ ಒಲೆಯ ಹತ್ತಿರ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದರು. ನಮ್ಮನ್ನು ಕಂಡು ಸ್ಟೂಲು ಎಳೆದರು. ತಾತ ಕೂರಲಿಲ್ಲ. "ನಿನ್ನ ಬನ್ನಿಂದ ಸತ್ತಿದ್ದಲ್ಲಪ್ಪ ಗುಂಡ. ಅವನ ಎದೇಲೇ ತೊಂದ್ರೆ ಇತ್ತು, ಹುಟ್ತಾನೇ ಇತ್ತು. ಅದು ನಮ್ಮನೆಯಿಂದ ಬಂದಿದ್ದು. ನಾನು ಗೊತ್ತಿಲ್ದೆ ನಿನ್ನ ತಲೆಗೆ ಕಟ್ಟಿದೆ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಮನುಷ್ಯ, ಅಂದು ಒಂದೇ ಉಸಿರಿಗೆ ಹೇಳಿದರು. ಬೇಕರಿಯವರು ತಟ್ಟೆಗೆ ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. ಸವರಿದ್ದನ್ನೇ ಮತ್ತೆ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇಷ್ಟು ದಿನ ನನ್ನ ಮಗಳು ನನ್ ಕೈಯಿಂದ ಒಂದು ಲೋಟ ನೀರು ತಗೊಂಡಿಲ್ಲ, ಗೊತ್ತಾ ಯಜಮಾನ್ರೇ? ಊಟಕ್ಕೆ ಕೂತ್ರೆ ತಟ್ಟೆ ಎತ್ಕೊಂಡು ಮಹಡಿಗೆ ಹೋಗ್ತಾಳೆ." ತಟ್ಟೆಯನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. "ನಂಗೆ ಹೇಳಿದ್ದು ಸಾಲ್ದು. ಮೇಲೆ ಬನ್ನಿ, ಅವಳಿಗೆ ಹೇಳಿ" ಅಂದರು ಬೇಕರಿಯವರು.

ಆ ಮಹಡಿಯ ಮೆಟ್ಟಿಲು ಕಡಿದು. ನಾನು ಕಷ್ಟಪಟ್ಟು ಹತ್ತಿದೆ, ತಾತ ನನಗಿಂತ ಕಷ್ಟಪಟ್ಟು ಹತ್ತಿದರು. ಹುಡುಗಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಗುಂಡನ ಕತ್ತುಪಟ್ಟಿ ತೂಗುತ್ತಿತ್ತು. ತಾತ ನಿಂತೇ ಎಲ್ಲ ಹೇಳಿದರು. ಅಪ್ಪ ಬಾಗಿಲ ಹೊರಗೆ ನಿಂತಿದ್ದರು, ಒಳಗೆ ಬರಲಿಲ್ಲ. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಅವನಿಗೆ ನೋವಾಯ್ತಾ?" ಎಂದು ಕೇಳಿದಳು. ಇಲ್ಲಮ್ಮ, ಒಂಚೂರೂ ಆಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ನಾನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ. ಆದರೆ ತಾತ, "ಗೊತ್ತಿಲ್ಲಮ್ಮ. ಗೊತ್ತಿಲ್ದೇ ಇರೋದನ್ನ ಒಂದ್ಸಲ ಹೇಳಿ ಆಗಿದೆ, ಮತ್ತೆ ಹೇಳಲ್ಲ" ಅಂದರು. ಆಗ ಅವಳು ಅತ್ತಳು. ತಾತನ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ ಅತ್ತಳು. ನಾವು ಸದ್ದಿಲ್ಲದೆ ಇಳಿದು ಬಂದೆವು. ಬೇಕರಿಯವರು ಆಮೇಲೆ ನಮ್ಮ ಮನೆಗೆ ಬಂದಿಲ್ಲ, ಎದುರು ಸಿಕ್ಕರೆ ತಲೆಯಾಡಿಸುತ್ತಾರೆ, ಅಷ್ಟೇ. ಮೊನ್ನೆ ಅಪ್ಪ ಮಗಳು ಒಟ್ಟಿಗೆ ಅಂಗಡಿಯ ಬಾಗಿಲು ಹಾಕುತ್ತಿದ್ದುದನ್ನು ನೋಡಿದೆ. ನಮಗೆ ಅಷ್ಟು ಸಾಕು.

ಅಲ್ಲಿಂದ ತಾತ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದರು. ನಿನ್ನ ಕೆಂಚಿಯ ಒಡಹುಟ್ಟಿದವರು, ಪೈಲ್ವಾನನ ಮಕ್ಕಳು, ಎಲ್ಲರ ಮನೆಗೂ. ಕೆಲವರು ಉಪಕಾರ ಆಯಿತು ಅಂದರು. ಒಬ್ಬರು ಬಾಯಿಗೆ ಬಂದಂತೆ ಬೈದರು. ತಾತ ಪೂರ್ತಿ ಬೈಸಿಕೊಂಡು, ಆಮೇಲೆ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ವಿಳಾಸ ಹೇಳಿದರು. ಒಂದು ಮರಿಯ ಎದೆ ಪೂರ್ತಿ ಶುದ್ಧ ಎಂದು ಸುದ್ದಿ ಬಂತು, ಅಂದು ತಾತ ಎರಡು ಸಲ ಟೀ ಕುಡಿದರು. ಇನ್ನೊಂದಕ್ಕೆ ಕೆಟ್ಟದಾಗಿಯೇ ಇದೆ, ಮಾತ್ರೆ ಶುರುಮಾಡಿದ್ದಾರೆ. ಕಳೆದ ಭಾನುವಾರ ಎದೆ ಡಾಕ್ಟರ ಮುಂದಿನ ಪರೀಕ್ಷೆಗೆ ಯಾರೂ ಕರೆಯದಿದ್ದರೂ ಹೋದರು. ಬೇರೆಯವರ ನಾಯಿಗಳ ಬಾಯಿ ಮುಚ್ಚಿ ಹಿಡಿಯಲಿಕ್ಕೆ. ಪದಕ ಹಂಚುವಾಗ ಇವರ ಹೆಗಲು ತಟ್ಟುತ್ತಿದ್ದವರು ಈಗ ಇವರನ್ನು ಕಂಡು ಪಿಸುಗುಡುತ್ತಾರೆ. ಕೇಳಿಸಿಕೊಂಡೇ ಮುಂದಿನ ನಾಯಿಯ ಬಾಯಿ ಹಿಡಿಯಲು ಬಗ್ಗಿದರಂತೆ.

ಎಲ್ಲರಿಗೂ ಹೇಳಿದರು ಗುಬ್ಬಿ, ನಿನಗೊಬ್ಬಳಿಗೆ ಹೇಳಲಾಗಲಿಲ್ಲ. ನಿನ್ನಮ್ಮ ಹೋದ ಆ ವರ್ಷ ನೀನು ಮಾತು ಬಿಟ್ಟಿದ್ದೆ. ಯಾರು ಕೂಗಿದರೂ ಮೂಲೆಯಿಂದ ಏಳುತ್ತಿರಲಿಲ್ಲ. ಆಗ ತಾತ ಹಾಲು ಬಿಟ್ಟ ಮರಿಗಳಲ್ಲಿ ಚೆಂದದ್ದನ್ನು ಆರಿಸಿ ನಿನ್ನ ಮಡಿಲಲ್ಲಿ ಹಾಕಿ, "ಇವಳು ನಿನ್ನ ಬಿಟ್ಟು ಎಲ್ಲೂ ಹೋಗಲ್ಲ ಕಣಮ್ಮ" ಅಂದಿದ್ದರು. ನಿನಗೆ ನೆನಪಿದೆಯೋ ಇಲ್ಲವೋ, ಅವರು ಮರೆತಿಲ್ಲ. ತಮ್ಮ ಮಗಳನ್ನು ಕಳೆದುಕೊಂಡ ದುಃಖದಲ್ಲಿ ಆಡಿದ ಮಾತು ಅದು. ಈಗ ಅದೇ ಅವರ ಗಂಟಲಲ್ಲಿ ನುಂಗಲಾರದ ತುತ್ತಾಗಿದೆ.

ಆದ್ದರಿಂದ ನಾನು ಹೇಳುತ್ತಿದ್ದೇನೆ. ಕೆಂಚಿಯ ಎದೆಯನ್ನು ಪರೀಕ್ಷೆ ಮಾಡಿಸಬೇಕು ಮಗಳೇ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಶನಿವಾರಗಳಂದು ಆ ಯಂತ್ರ ಇರುತ್ತದೆ ಎಂದು ಎದೆ ಡಾಕ್ಟರು ವಿಚಾರಿಸಿ ತಿಳಿಸಿದ್ದಾರೆ. ಏನೂ ಇಲ್ಲದಿರಬಹುದು. ಸ್ವಲ್ಪ ಇರಬಹುದು. ಹೆಚ್ಚೇ ಇದ್ದರೆ ಮಾತ್ರೆ ಕೊಡುತ್ತಾರೆ, ನಿಧಾನ ನಡೆಸಿಕೊಂಡು ಓಡಾಡಬೇಕು, ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ. ನಿನಗೆ ಸುಳ್ಳು ಧೈರ್ಯ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಹೋದವರ ನೋವು ನಿನಗೆ ನಾನು ಕಲಿಸಬೇಕಾದ್ದಲ್ಲ. ಆದರೆ ಅವಳಿಗೆ ಇದು ಯಾವುದೂ ಗೊತ್ತಿಲ್ಲ. ನೀನು ಶಾಲೆಯಿಂದ ಬಂದರೆ ಅವಳಿಗೆ ಸಂತೋಷ. ಅದನ್ನು ಭಯದಿಂದ ಕೆಡಿಸಬೇಡ.

ಹೊತ್ತುಹೊತ್ತಿಗೆ ಊಟ ಮಾಡು. ಪಕ್ಕದ ಮನೆಯ ನರ್ಸಮ್ಮನಿಗೆ ನನ್ನ ನೆನಪು ಹೇಳು, ಅವರ ರವಿಕೆ ಹೊಲಿದಿಟ್ಟಿದ್ದೇನೆ. ಕೆಂಚಿಯ ಆ ಸುಕ್ಕುಹಣೆಗೆ ನನ್ನದೊಂದು ಮುತ್ತು. ನಿನ್ನ ಎಲ್ಲ ದಿನಗಳೂ ತಂಪಾಗಿರಲಿ, ನಿನ್ನ ಮನೆಬಾಗಿಲಲ್ಲಿ ಯಾವಾಗಲೂ ಯಾರಾದರೂ ನಿನಗಾಗಿ ಕಾಯುತ್ತಿರಲಿ ಎಂದು ಹರಸುವ

ನಿನ್ನ ಅಜ್ಜಿ

ಮ.ಬ.: ಗೇಟಿನ ಸದ್ದಾಯಿತು, ಬೇಗ ಬರೆಯುತ್ತೇನೆ. ಮುಂದಿನ ವಾರ ಶುಕ್ರವಾರ ತಾತ ನಿನ್ನಲ್ಲಿಗೆ ಬರುತ್ತಿದ್ದಾರೆ. ನನಗೆ ಹೇಳಿರುವುದು, ನಿಮ್ಮೂರಿನಲ್ಲಿರುವ ತಮ್ಮ ಬಸ್ಸಿನ ಹಳೆಯ ಕಂಡಕ್ಟರಿಗೆ ಹುಷಾರಿಲ್ಲ, ನೋಡಿ ಬರುತ್ತೇನೆ ಎಂದು. ಆ ಕಂಡಕ್ಟರು ಮೊನ್ನೆ ತಾನೆ ನಮ್ಮಲ್ಲಿಗೆ ಬಂದು ಗಟ್ಟಿಮುಟ್ಟಾಗಿ ಟೀ ಕುಡಿದು ಹೋಗಿದ್ದಾರೆ. ಇವರ ಸುಳ್ಳು ಊರಿನವರ ಹತ್ತಿರ ನಡೆದರೂ ನನ್ನ ಹತ್ತಿರ ನಡೆಯುವುದಿಲ್ಲ. ಶನಿವಾರ ನಿನ್ನ ಜೊತೆ ಆಸ್ಪತ್ರೆಗೆ ಬರಬೇಕೆಂದೇ ಶುಕ್ರವಾರ ಹೊರಡುತ್ತಿರುವುದು. ನೀನು ಈ ಪತ್ರ ಓದಿದ್ದೀಯ ಎಂದು ತೋರಿಸಿಕೊಳ್ಳಬೇಡ. ಅವರೇ ಹೇಳಲಿ, ಮೊದಲ ಸಲ ಕೇಳುವವಳ ಹಾಗೆ ಕೇಳು. ಅಳು ಬಂದರೆ ಆಮೇಲೆ ಅಳು, ಕೋಪ ಬಂದರೆ ಆಮೇಲೆ ಬೈ. ಹೇಳುವಾಗ ಮಾತ್ರ ನಡುವೆ ಬಾಯಿ ಹಾಕಬೇಡ ಮಗಳೇ. ಒಮ್ಮೆ ನಿಂತರೆ ಅವರಿಗೆ ಮತ್ತೆ ಶುರುಮಾಡಲು ಆಗುವುದಿಲ್ಲ.